ಹಿಟ್ಟಿಗೆ ಮೂರು ದಿನ, ಹವೆಗೆ ಲೆಕ್ಕವಿಲ್ಲ

ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಮರ್ಯಾದೆಯನ್ನು ಪಾಲಿಸುವ ಶ್ರಾವಕರ ಮನೆಗಳು ಇಂದಿಗೂ ಇವೆ. ತೇವವಿರುವಲ್ಲಿ ಜೀವೋತ್ಪತ್ತಿ ಶೀಘ್ರವಾಗಿ ಆಗುತ್ತದೆ. ಋತುವಿಗೆ ತಕ್ಕಂತೆ ಅವಧಿ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಇದೇ ಕಾರಣ. ಸೂಕ್ಷ್ಮದರ್ಶಕವನ್ನು ಕಣ್ಣಿಂದ ಕಾಣದ ನಮ್ಮ ಅಜ್ಜಿಯರು ಈ ಲೆಕ್ಕವನ್ನು ಪಂಚಾಂಗದಷ್ಟೇ ನಿಷ್ಠೆಯಿಂದ ಇಟ್ಟರು. ಸೋಸದ ನೀರನ್ನು ಕುಡಿಯಲಿಲ್ಲ, ನಿನ್ನೆಯ ಅನ್ನವನ್ನು ಮುಟ್ಟಲಿಲ್ಲ. ಅದೇ ಮನೆತನದ ಇಂದಿನ ಮನೆಯಲ್ಲಿ, ಮಲಗುವ ಕೋಣೆಯ ಗೋಡೆಯ ಮೇಲೆ, ಹಾಸಿಗೆಯ ನೇರಕ್ಕೆ, ಹವಾನಿಯಂತ್ರಕವೊಂದು ತೂಗುತ್ತಿದೆ. ಕೊಂಡ ದಿನದಿಂದ ಇಂದಿನವರೆಗೆ ಅದರ ಬಾಯೊಳಗೆ ಯಾರೂ ಇಣುಕಿ ನೋಡಿಲ್ಲ. ಗುಂಡಿ ಒತ್ತಿದೊಡನೆ ಹಳೆಯ ಒದ್ದೆಬಟ್ಟೆಯ ವಾಸನೆ ಕೋಣೆಯನ್ನು ತುಂಬುತ್ತದೆ. ಐದು ನಿಮಿಷದಲ್ಲಿ ಮೂಗಿಗೆ ಅಭ್ಯಾಸವಾಗುತ್ತದೆ, ಮನೆಯವರು ನಿದ್ರಿಸುತ್ತಾರೆ. ನಾಲಿಗೆಯ ಮೇಲಿನಿಂದ ಒಳಗೆ ಹೋಗುವುದಕ್ಕೆ ಇಷ್ಟೊಂದು ಮರ್ಯಾದೆಗಳನ್ನು ವಿಧಿಸಿಕೊಂಡ ನಾವು, ಮೂಗಿನಿಂದ ಒಳಗೆ ಹೋಗುವುದಕ್ಕೆ ಒಂದನ್ನಾದರೂ ವಿಧಿಸಿಕೊಂಡಿದ್ದೇವೆಯೆ?

ಈ ಲೇಖನದ ಜಗಳ ಇಬ್ಬರೊಡನೆ. ನೋಡದೆಯೇ ಇರುವವರೊಡನೆ ಮೊದಲನೆಯದು. ನೋಡುವುದನ್ನು ಬಿಟ್ಟು ವರ್ಷಕ್ಕೊಮ್ಮೆ ವಿಷ ಸಿಂಪಡಿಸಿ ಕೈತೊಳೆದುಕೊಳ್ಳುವವರೊಡನೆ ಎರಡನೆಯದು. ಎರಡನೆಯವರು ತಮ್ಮನ್ನು ಜಾಗರೂಕರೆಂದು ತಿಳಿದಿರುವುದರಿಂದ ಅವರೊಡನೆ ವಾದಿಸುವುದು ಹೆಚ್ಚು ಕಷ್ಟ.

ಹಾಸನದಂಥ ತಂಪು ಸೀಮೆಯಲ್ಲಿ ಕುಳಿತು ಹವಾನಿಯಂತ್ರಕದ ಚರ್ಚೆಯೇಕೆ ಎಂದು ಯಾರಾದರೂ ಕೇಳಬಹುದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರು ಒಂದು ಕಾಲಕ್ಕೆ ಫ್ಯಾನನ್ನೂ ಬಯಸುತ್ತಿರಲಿಲ್ಲ ಎಂಬುದು ನಿಜ. ಆದರೆ 2024ರ ಏಪ್ರಿಲಿನಲ್ಲಿ ಬೆಂಗಳೂರಿನ ತಾಪವೇ 38 ಡಿಗ್ರಿಯನ್ನು ದಾಟಿತು. ತಂಪು ಸೀಮೆ ಎಂಬ ಮಾತಿನ ಮೇಲೆ ಭರವಸೆಯಿಟ್ಟು ಮನೆ ಕಟ್ಟಿಸುವವರು ಈಗ ಕಡಿಮೆ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬಯಲುಸೀಮೆಯ ಸೆಕೆಯ ಊರುಗಳಿಗಿಂತ ಈ ನಮ್ಮ ಅರೆಮಲೆನಾಡಿನಲ್ಲಿಯೇ ಯಂತ್ರದ ಒಳಗಿನ ತೇವ ಹೆಚ್ಚು ಅಪಾಯಕಾರಿ. ಹಾಸನದಿಂದ ಬೇಲೂರಿನ ಕಡೆಗೆ ಹೊರಟು, ಹೆದ್ದಾರಿಯಿಂದ ತುಸು ಒಳಗಿರುವ ದೊಡ್ಡಗದ್ದವಳ್ಳಿಗೆ ಜುಲೈ ತಿಂಗಳಲ್ಲಿ ಹೋಗಿ ನೋಡಬೇಕು. ಒಗೆದ ಬಟ್ಟೆ ಒಣಗಲು ದಿನಗಳು ಬೇಕು. ಬೀರುವಿನ ಚರ್ಮದ ಚೀಲಕ್ಕೂ ಹಳೆಯ ಪುಸ್ತಕದ ಬೆನ್ನಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಸೀಮೆಯಲ್ಲಿ ಮಾರ್ಚಿಯಿಂದ ಮೇವರೆಗೆ ಓಡಿದ ಯಂತ್ರವು ಮೊದಲ ಮಳೆ ಬಿದ್ದೊಡನೆ ನಿಲ್ಲುತ್ತದೆ. ಹೊಟ್ಟೆಯಲ್ಲಿ ಧೂಳನ್ನೂ ಪಸೆಯನ್ನೂ ಇಟ್ಟುಕೊಂಡು, ಇಡೀ ಮಳೆಗಾಲವನ್ನು ಮುಚ್ಚಿದ ಬಾಯಲ್ಲಿ ಕಳೆಯುತ್ತದೆ. ಬೂಷ್ಟಿಗೆ ಇದಕ್ಕಿಂತ ಸುಖವಾದ ಬಿಡಾರವನ್ನು ಬೇಕೆಂದೇ ಕಟ್ಟಿಕೊಡಲೂ ಸಾಧ್ಯವಿಲ್ಲ.

ದೊಡ್ಡಗದ್ದವಳ್ಳಿಯ ಹೆಸರು ಬಂದುದರಿಂದ ಒಂದು ಮಾತು. ಅಲ್ಲಿಯ ಕೆರೆಯ ಪಕ್ಕದ ಲಕ್ಷ್ಮೀದೇವಿ ದೇವಾಲಯವನ್ನು ಕ್ರಿ.ಶ. 1113ರ ಸುಮಾರಿಗೆ ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಬಳಪದ ಕಲ್ಲಿನ ಆ ಕಟ್ಟಡ ಒಂಬತ್ತು ಶತಮಾನಗಳ ಮಳೆಯನ್ನು ಕಂಡಿದೆ. ಅದರ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಬಿದ್ದ ನೀರೂ ಹಾಗೆಯೇ ಇಳಿದು ನೆಲ ಸೇರುತ್ತದೆ. ಕಲ್ಲಿನ ಮೇಲೂ ಪಾಚಿ ಬರುತ್ತದೆ, ಆದರೆ ನೀರು ನಿಂತಲ್ಲಿ ಮಾತ್ರ ನೆಲೆಸುತ್ತದೆ. ನೀರಿಗೆ ಹೋಗುವ ದಾರಿಯನ್ನು ಕೊಡುವುದು ಕಟ್ಟುವವನ ಮೊದಲ ಕೆಲಸವೆಂದು ತಿಳಿದಿದ್ದ ನಾಡು ಇದು. ಇಂದು ಅದೇ ನಾಡಿನಲ್ಲಿ, ಲಕ್ಷಾಂತರ ರೂಪಾಯಿಯ ಮನೆಯ ಗೋಡೆಯಲ್ಲಿ ಒಂದು ಇಂಚು ಹಿಮ್ಮುಖವಾಗಿ ಓರೆಯಾದ ಪ್ಲಾಸ್ಟಿಕ್ ಪೈಪನ್ನು ಯಾರೂ ಸರಿಪಡಿಸುವುದಿಲ್ಲ.

ಹಳೆಯ ಮನೆಗಳನ್ನು ಹೊಗಳುವುದು ಸುಲಭ, ಎಚ್ಚರದಿಂದ ಹೊಗಳಬೇಕು. ತೊಟ್ಟಿಮನೆಯ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು, ಅದರ ಹೊಗೆ ಅಟ್ಟವನ್ನೂ ತೊಲೆಗಳನ್ನೂ ಒಣಗಿಸಿ ಹೆಂಚಿನ ಸಂದಿನಿಂದ ಹೊರಹೋಗುತ್ತಿತ್ತು. ತೇವ ನಿಲ್ಲುತ್ತಿರಲಿಲ್ಲ. ಆದರೆ ಆ ಹೊಗೆಯ ಬೆಲೆಯನ್ನು ಹೆಂಗಸರು ಕಣ್ಣಿನಿಂದಲೂ ಶ್ವಾಸಕೋಶದಿಂದಲೂ ತೆತ್ತರು. ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಮರಳಿ ತರಬೇಕಾದುದು ಬೇರೊಂದು. ನಮ್ಮ ರಾಗಿಯ ಸೀಮೆಯಲ್ಲಿ ಹಗೇವುಗಳಿದ್ದವು. ನೆಲದೊಳಗಿನ ಆ ಕಣಜದ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗಿನ ಹವೆ ಕೆಟ್ಟಿದೆ, ಕಾಯಬೇಕು. ಮುಚ್ಚಿದ ಜಾಗದ ಗಾಳಿಯನ್ನು ನಂಬಬಾರದು, ಮೊದಲು ಪರೀಕ್ಷಿಸಬೇಕು ಎಂಬ ಈ ತಿಳಿವಳಿಕೆ ಅಕ್ಷರ ಬಾರದ ರೈತನಲ್ಲಿತ್ತು. ಇಂಜಿನಿಯರಿಂಗ್ ಓದಿದ ಅವನ ಮೊಮ್ಮಗನಲ್ಲಿ ಅದು ಏಕಿಲ್ಲ?

ಯಂತ್ರದ ಕೆಲಸವನ್ನು ಅರಿತರೆ ಪರೀಕ್ಷೆಯ ಅಗತ್ಯ ತಾನಾಗಿ ತಿಳಿಯುತ್ತದೆ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣನೆಯ ಲೋಹದ ಸುರುಳಿಯ ಮೇಲೆ ಹಾಯಿಸಿ, ಮರಳಿ ಕೋಣೆಗೇ ಊದುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಆ ಸುರುಳಿಯೂ ಬೆವರುತ್ತದೆ. ಆರ್ದ್ರತೆ ಹೆಚ್ಚಿದ ದಿನಗಳಲ್ಲಿ ಹೀಗೆ ಇಳಿಯುವ ನೀರು ಗಂಟೆಗೆ ಒಂದು ಲೀಟರನ್ನೂ ಮೀರಬಹುದು. ಸುರುಳಿಯ ಕೆಳಗಿನ ತಟ್ಟೆಯಲ್ಲಿ ಅದು ಸಂಗ್ರಹವಾಗಿ, ಸಣ್ಣ ಪೈಪಿನ ಮೂಲಕ ಹೊರಹೋಗಬೇಕು. ಪೈಪು ಎಲ್ಲಾದರೂ ಮೇಲಕ್ಕೆ ಬಾಗಿದ್ದರೆ, ತಟ್ಟೆಯಲ್ಲಿ ಲೋಳೆ ಕಟ್ಟಿದ್ದರೆ, ಯಂತ್ರವನ್ನು ಓರೆಯಾಗಿ ಕೂರಿಸಿದ್ದರೆ ನೀರು ನಿಲ್ಲುತ್ತದೆ. ಗೋಡೆಯೊಳಗೆ ಹಾಯ್ದ ತಾಮ್ರದ ಕೊಳವೆಗೆ ಸುತ್ತಿದ ಹೊದಿಕೆ ಹರಿದಿದ್ದರೆ ಕೊಳವೆಯೇ ಗೋಡೆಯೊಳಗೆ ಬೆವರುತ್ತದೆ. ಜಾಲರಿಯನ್ನು ದಾಟಿದ ಸಣ್ಣ ಧೂಳು ಗಾಳಿಚಕ್ರದ ಎಲೆಗಳಿಗೆ ಅಂಟುತ್ತದೆ. ನೀರು ಉಂಟು, ಧೂಳೆಂಬ ಆಹಾರ ಉಂಟು, ಕತ್ತಲೆ ಉಂಟು.

ಇನ್ನು ಬಿಸಿ ಮಾಡುವ ಸಾಧನಗಳ ಕಥೆ. ಗೀಸರಿನ ಹಿಂದಿನ ಗೋಡೆ ಒಸರುತ್ತಿರುತ್ತದೆ, ಬಣ್ಣ ಉಬ್ಬಿದ ಮೇಲೆ ಕಣ್ಣಿಗೆ ಬೀಳುತ್ತದೆ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಲ್ಲಿ ಇಟ್ಟವರಿಗೆ ಆವಿಯೊಂದೇ ಅಪಾಯವಲ್ಲ. ಅದರ ದಹನದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಪ್ರಾಣವನ್ನೇ ತೆಗೆಯಬಲ್ಲದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ವಿದ್ಯುತ್ ಹೀಟರಿನ ಮುಂದೆ ಒದ್ದೆಬಟ್ಟೆ ಹರವುವ ಪದ್ಧತಿ ಈಗ ಎಲ್ಲೆಡೆ ಕಾಣುತ್ತದೆ. ಬಟ್ಟೆಯ ನೀರು ಮಾಯವಾಗಿದೆಯೆಂದು ಅವರ ಎಣಿಕೆ. ಅದು ತಣ್ಣನೆಯ ಮೂಲೆಗೋಡೆಯ ಮೇಲೆ, ಬೀರುವಿನ ಬೆನ್ನ ಹಿಂದೆ ಕುಳಿತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಕುರಿತು ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ತೇವ ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮತ್ತು ಇತರ ಶ್ವಾಸಸಂಬಂಧಿ ತೊಂದರೆಗಳ ಸಂಭವ ಹೆಚ್ಚೆಂಬುದು ಅದರ ಸಾರ. ಇಷ್ಟು ಬೂಷ್ಟಾದರೆ ಅಪಾಯವಿಲ್ಲ ಎಂಬ ಸುರಕ್ಷಿತ ಮಿತಿಯನ್ನು ಅದು ಗೊತ್ತುಮಾಡಲಿಲ್ಲ, ತೇವವನ್ನೇ ತಡೆಯಬೇಕೆಂದಿತು. ವಿಜ್ಞಾನ ಇಲ್ಲಿ ಹೇಳುವುದಕ್ಕೂ ಹಿಟ್ಟಿನ ಮರ್ಯಾದೆ ಹೇಳುವುದಕ್ಕೂ ಹೆಚ್ಚು ಅಂತರವಿಲ್ಲ.

ಇಲ್ಲಿ ಧರ್ಮಭೀರುಗಳಾದ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಬೂಷ್ಟು ಅನಂತಕಾಯ; ಒಂದೇ ಶರೀರದಲ್ಲಿ ಅನಂತ ಜೀವಗಳು. ಅದನ್ನು ಕೆರೆದು ಒರೆಸಿದರೆ ಅಪಾರ ಹಿಂಸೆ. ಕಂಡರೆ ತಾನೆ ಒರೆಸಬೇಕು, ಕಾಣದಿದ್ದರೆ ಪಾಪವೆಲ್ಲಿ? ಮೊದಲರ್ಧವನ್ನು ನಾನು ಗೌರವದಿಂದ ಒಪ್ಪುತ್ತೇನೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ಗೊಮ್ಮಟಸಾರದ ಜೀವಕಾಂಡದಲ್ಲಿ ಇಂಥ ಸೂಕ್ಷ್ಮ ಜೀವರಾಶಿಗಳನ್ನು ಎಷ್ಟು ಶ್ರದ್ಧೆಯಿಂದ ವಿಂಗಡಿಸಿದ್ದಾರೆಂಬುದು ಓದಿದವರಿಗೆ ಗೊತ್ತು. ಆದರೆ ಉತ್ತರಾರ್ಧ ಶುದ್ಧ ಕುಯುಕ್ತಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿದರು. ಅಜಾಗರೂಕತೆಯೇ ಹಿಂಸೆಯ ಬೇರು. ಕಣ್ಣು ಮುಚ್ಚಿ ನಡೆದವನು ಇರುವೆಯನ್ನು ಕಾಣಲಿಲ್ಲವೆಂಬ ಕಾರಣದಿಂದ ಈರ್ಯಾಸಮಿತಿಯನ್ನು ಪಾಲಿಸಿದವನಾಗುವನೆ? ನೋಡದಿರುವುದರಿಂದ ಅಹಿಂಸೆ ಸಿದ್ಧಿಸುವುದಾದರೆ ಮುನಿಗಳ ಕೈಯಲ್ಲಿ ಪಿಂಛಿ ಏಕಿರಬೇಕಿತ್ತು?

ವಸ್ತುಸ್ಥಿತಿಯನ್ನು ಲೆಕ್ಕ ಹಾಕಿ ನೋಡೋಣ. ವಾರಕ್ಕೊಮ್ಮೆ ನೋಡಿ, ಜಾಲರಿ ತೊಳೆದು, ನೀರು ನಿಲ್ಲದಂತೆ ಮಾಡಿ, ಒಳಭಾಗವನ್ನು ಒಣಗಿಸಿದರೆ ಬೂಷ್ಟು ಹುಟ್ಟುವುದೇ ಇಲ್ಲ; ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ನೋಡದೆ ಬಿಟ್ಟರೆ ಅದು ಹುಟ್ಟುತ್ತದೆ, ಹಬ್ಬುತ್ತದೆ, ಒಂದು ದಿನ ಮಗುವಿನ ಕೆಮ್ಮು ವಾಸಿಯಾಗದೆ ವೈದ್ಯರು ಮನೆಯ ಬಗ್ಗೆ ವಿಚಾರಿಸಿದಾಗ ಗಾಬರಿಯಾಗಿ ರಾಸಾಯನಿಕದ ಡಬ್ಬಿಯನ್ನು ತಂದು ಎರಚುತ್ತೇವೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು, ಅದನ್ನು ಕನಿಷ್ಠಕ್ಕೆ ಇಳಿಸುವುದು ಅವನ ವ್ರತ. ಈ ಎರಡು ದಾರಿಗಳಲ್ಲಿ ಕನಿಷ್ಠ ಯಾವುದು ಎಂಬುದಕ್ಕೆ ಶಾಸ್ತ್ರಾರ್ಥವೇ ಬೇಡ.

ಈಗ ಸಿಂಪಡಿಸುವವರ ಸರದಿ. ಎ.ಸಿ. ಸರ್ವಿಸಿಗೆಂದು ಬಂದವನು ಜಾಲರಿ ತೊಳೆದು, ಸುರುಳಿಯ ಮೇಲೆ ನೊರೆಯ ದ್ರವವೊಂದನ್ನು ಹಾಯಿಸಿ, ಸುಗಂಧವನ್ನೂ ಬೆರೆಸಿ, ಇಪ್ಪತ್ತು ನಿಮಿಷದಲ್ಲಿ ಹೊರಡುತ್ತಾನೆ. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ದಿನಕ್ಕೆ ಎಷ್ಟು ಮನೆ ಎಂಬುದರ ಮೇಲೆ ಅವನ ಸಂಬಳ ನಿಂತಿರುತ್ತದೆ. ದೂರಬೇಕಾದುದು ನೀರು ಎಲ್ಲಿಂದ ಬಂತು ಎಂದು ಕೇಳದೆ ರಸೀತಿ ಪಡೆಯುವ ಯಜಮಾನನನ್ನು. ನೀರಿನ ದಾರಿಯನ್ನು ಸರಿಪಡಿಸದೆ ಬೂಷ್ಟನ್ನು ಕೊಂದರೆ ಕೆಲವು ವಾರಗಳಲ್ಲಿ ಅದು ಮರಳುತ್ತದೆ, ಮತ್ತೆ ಕೊಲ್ಲಬೇಕಾಗುತ್ತದೆ. ಸತ್ತ ಬೂಷ್ಟೂ ಅಲರ್ಜಿಯನ್ನು ಉಂಟುಮಾಡಬಲ್ಲದು ಎಂಬುದನ್ನು ಡಬ್ಬಿಯ ಮೇಲಿನ ಚಿತ್ರ ಹೇಳುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. ನಮ್ಮ ಮಕ್ಕಳು ಅನೇಕರು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಒಂದೇ ಯಂತ್ರ ಇಡೀ ಮನೆಯನ್ನು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಮಾಡುತ್ತದೆ. ಗೋಡೆ ಮತ್ತು ಛಾವಣಿಗಳೊಳಗಿನ ಡಕ್ಟುಗಳ ಮೂಲಕ ಗಾಳಿ ಹಂಚಿಕೆಯಾಗುತ್ತದೆ. ಈ ಡಕ್ಟುಗಳನ್ನು ಶುಚಿಗೊಳಿಸಿಕೊಡುವ ದೊಡ್ಡ ವ್ಯಾಪಾರವೇ ಅಲ್ಲಿದೆ. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಜನರಿಗಾಗಿ ಒಂದು ಪುಸ್ತಿಕೆಯನ್ನು ಹೊರತಂದು, ಡಕ್ಟು ಶುಚಿಗೊಳಿಸುವುದರಿಂದ ಕಾಯಿಲೆ ತಪ್ಪುತ್ತದೆಂಬುದು ಸಿದ್ಧವಾಗಿಲ್ಲ ಎಂದು ನೇರವಾಗಿ ತಿಳಿಸಿತು. ಕಣ್ಣಿಗೆ ಕಾಣುವ ಬೂಷ್ಟು ಇದ್ದರೆ ತೆಗೆಯಿಸಿರಿ, ಆದರೆ ತೇವದ ಮೂಲವನ್ನು ಸರಿಪಡಿಸದಿದ್ದರೆ ಅದು ಮರಳುತ್ತದೆ. ಡಕ್ಟಿನ ಒಳಗಿನ ನಾರಿನ ಹೊದಿಕೆ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಅದನ್ನು ಶುಚಿಮಾಡಲಾಗದು, ಕಿತ್ತು ಬದಲಿಸಬೇಕು ಎಂದೂ ಹೇಳಿತು. ಕೋಣೆಯ ಆರ್ದ್ರತೆ ಶೇಕಡಾ 60ನ್ನು ಮೀರದಿರಲಿ, ಒದ್ದೆಯಾದುದನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿರಿ ಎಂಬುದು ಅದೇ ಸಂಸ್ಥೆಯ ಸಲಹೆ. ಗಡುವು ಹಾಕಿ ಹೇಳುವ ಈ ಕ್ರಮ ನಮ್ಮ ಅಜ್ಜಿಯರಿಗೆ ಅಪರಿಚಿತವೆನಿಸುತ್ತಿರಲಿಲ್ಲ.

ಭಯವನ್ನು ಮಾರುವವರ ಬಗ್ಗೆಯೂ ಎಚ್ಚರವಿರಬೇಕು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡವರಲ್ಲಿ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡು, ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಹತೋಟಿ ತಪ್ಪಿದ ಮಧುಮೇಹ ಮತ್ತು ಅತಿಯಾದ ಸ್ಟಿರಾಯ್ಡ್ ಬಳಕೆ ಅದಕ್ಕೆ ಮುಖ್ಯ ದಾರಿಗಳಾಗಿದ್ದವು. ಆದರೆ ಮೊಬೈಲುಗಳಲ್ಲಿ ಹರಿದಾಡಿದ ಸುದ್ದಿ ಬೇರೆ: ಈರುಳ್ಳಿಯ ಮೇಲಿನ ಕಪ್ಪು ಪುಡಿಯಿಂದ, ಫ್ರಿಜ್ಜಿನ ರಬ್ಬರಿನ ಕಪ್ಪು ಕಲೆಯಿಂದ ಈ ರೋಗ ಬರುತ್ತದೆಂದು. ಈರುಳ್ಳಿಯ ಕಪ್ಪು ಬೇರೆ ಜಾತಿಯ ಶಿಲೀಂಧ್ರ. ಜನ ಒಂದು ತಿಂಗಳು ಫ್ರಿಜ್ಜನ್ನು ಉಜ್ಜಿದರು, ಮರುತಿಂಗಳು ಮರೆತರು. ಹಾಗೆಯೇ 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡ ಲೀಜಿಯೊನೆಲ್ಲಾ ಸೋಂಕಿನ ಕಥೆಯನ್ನು ಹೇಳಿ ಮನೆಯ ಎ.ಸಿ. ಕುರಿತು ಹೆದರಿಸುವವರುಂಟು. ದೊಡ್ಡ ಕಟ್ಟಡಗಳ ನೀರಿನ ತಂಪುಗೋಪುರಗಳಿಗೆ ಆ ಎಚ್ಚರಿಕೆ ಸಲ್ಲುತ್ತದೆ. ಮನೆಯ ಸ್ಪ್ಲಿಟ್ ಯಂತ್ರದಲ್ಲಿ ಅಂಥ ಗೋಪುರವೇ ಇಲ್ಲ. ಭಯ ಒಂದು ದಿನದ ಉತ್ಸಾಹವನ್ನು ಕೊಡುತ್ತದೆ, ಅಭ್ಯಾಸವನ್ನು ಕೊಡುವುದಿಲ್ಲ.

ಅಭ್ಯಾಸಕ್ಕೆ ಬೇಕಾದುದು ಬಹಳವಿಲ್ಲ. ಗೋಡೆಯ ಸ್ವಿಚ್ಚನ್ನು ಪೂರ್ತಿ ಆರಿಸಿ, ಗಾಳಿ ಬರುವ ಪಟ್ಟಿಗಳನ್ನು ಬೆರಳಿನಿಂದ ಸರಿಸಿ, ಟಾರ್ಚಿನ ಬೆಳಕಲ್ಲಿ ಒಳಗಿನ ಉರುಳೆಯಾಕಾರದ ಗಾಳಿಚಕ್ರವನ್ನು ನೋಡಬೇಕು. ಕಪ್ಪು ಚುಕ್ಕೆಗಳಿದ್ದರೆ ಅಲ್ಲಿಯೇ ಕಾಣುತ್ತವೆ. ಯಂತ್ರ ಓಡುವಾಗ ಹೊರಗಿನ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ಸೆಕೆಯ ದಿನವೂ ಅದು ಒಣಗಿದ್ದರೆ ನೀರು ಒಳಗೆಲ್ಲೋ ನಿಂತಿದೆ ಎಂಬ ಸಂಶಯ ಬರಬೇಕು. ಯಂತ್ರದ ಕೆಳಗಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಆರಿಸುವ ಮುನ್ನ ತಂಪನ್ನು ನಿಲ್ಲಿಸಿ ಬರಿಯ ಫ್ಯಾನನ್ನು ಅರ್ಧ ಗಂಟೆ ಓಡಿಸಿದರೆ ಸುರುಳಿ ಒಣಗುತ್ತದೆ. ಬಳಕೆಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಜಾಲರಿಯನ್ನು ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಕೂರಿಸಬೇಕು. ತಾಪವನ್ನು 18ಕ್ಕೆ ಇಳಿಸುವ ಶೋಕಿ ಬೇಡ. 2020ರ ಜನವರಿಯಿಂದ ಕೇಂದ್ರ ಸರ್ಕಾರದ ನಿಯಮದಂತೆ ಹೊಸ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ವಿದ್ಯುತ್ತಿನ ಉಳಿತಾಯಕ್ಕಾಗಿ ಬಂದ ನಿಯಮವಾದರೂ, ಕೋಣೆಯ ಗೋಡೆಗಳು ಅತಿಯಾಗಿ ತಣ್ಣಗಾಗಿ ಬೆವರುವುದು ಅದರಿಂದ ತಪ್ಪುತ್ತದೆ. ನೀರು ತುಂಬುವ ಕೂಲರುಗಳನ್ನು ಇಟ್ಟವರಂತೂ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಒಣಗಿಸಲೇಬೇಕು. ಅಲ್ಲಿ ಬೂಷ್ಟಿನ ಜೊತೆಗೆ ಸೊಳ್ಳೆಯ ಮರಿಗಳೂ ಹುಟ್ಟುತ್ತವೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯ ಆವರಣದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನು ಗೊತ್ತುಪಡಿಸಬೇಕಾಯಿತು. ನೀರು ಸೋಸಿ ಕುಡಿಯುವ ಸಮಾಜದವರಿಗೆ ದಂಡದ ಹೆದರಿಕೆಯಿಂದ ಇದನ್ನು ಕಲಿಸಬೇಕಾಗಿ ಬಂದರೆ ನಾಚಿಕೆಯ ಸಂಗತಿ.

ಸ್ವಂತ ಮನೆಯವನು ತನ್ನ ಪ್ರಮಾದದ ಫಲವನ್ನು ತಾನೇ ಉಣ್ಣುತ್ತಾನೆ. ಹೆಚ್ಚು ಕೆಟ್ಟದ್ದು ಇನ್ನೊಂದಿದೆ. ನಮ್ಮವರಲ್ಲಿ ಬಾಡಿಗೆಮನೆಗಳನ್ನು ಕಟ್ಟಿಸಿದವರು ಬಹಳ. ಹಳೆಯ ಬಾಡಿಗೆದಾರ ಖಾಲಿ ಮಾಡಿದ ವಾರದಲ್ಲಿ ತೇವದ ಗೋಡೆಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಗೀಸರಿನ ಹಿಂದಿನ ಒಸರನ್ನು ಮುಚ್ಚಿ, ಹೊಸಬನಿಂದ ಮುಂಗಡ ಪಡೆಯುವುದು ನಡೆದೇ ಇದೆ. ಇದು ಬರಿಯ ಅಸಡ್ಡೆಯಲ್ಲ. ಇದ್ದುದನ್ನು ಮರೆಮಾಚಿ ಮಾರುವುದು ಅಸತ್ಯ. ಆರೋಗ್ಯವಿಲ್ಲದ ಮನೆಗೆ ಆರೋಗ್ಯದ ಮನೆಯ ಬಾಡಿಗೆ ವಸೂಲು ಮಾಡುವುದು ಅಚೌರ್ಯಕ್ಕೂ ವಿರುದ್ಧ. ಬಣ್ಣದ ಹಿಂದಿನ ಆ ಗೋಡೆಗೆ ಬೆನ್ನು ಹಾಕಿ ಮಲಗುವ ಮಗು ಯಾರ ಮನೆಯದೆಂಬುದನ್ನು ಮಾಲೀಕನು ವಿಚಾರಿಸುವುದಿಲ್ಲ.

ವಿದ್ಯಾರ್ಥಿನಿಲಯಗಳನ್ನೂ ಯಾತ್ರಾಸ್ಥಳಗಳ ಅತಿಥಿಗೃಹಗಳನ್ನೂ ನಡೆಸುವ ನಮ್ಮ ಸಮಿತಿಗಳ ಸಂಗತಿಯನ್ನು ಬಿಡುವಂತಿಲ್ಲ. ಯಾತ್ರೆಯ ಕಾಲದಲ್ಲಿ ತುಂಬುವ ಕೋಣೆಗಳು ಉಳಿದ ತಿಂಗಳುಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಮುಚ್ಚಿದ ಕಿಟಕಿ, ತಡಿ ಹೊದೆಸಿದ ಹಾಸಿಗೆ, ದಾನಿಗಳ ಹೆಸರು ಬರೆದ ಎ.ಸಿ. ಯಾತ್ರಿಕ ವೃದ್ಧರು ಬಂದ ದಿನ ಬೀಗ ತೆಗೆದು ಗುಂಡಿ ಒತ್ತುತ್ತಾರೆ. ಹಗೇವಿಗೆ ಇಳಿಬಿಟ್ಟ ದೀಪ ಇಲ್ಲಿಲ್ಲ. ಯಂತ್ರವನ್ನು ಕೊಟ್ಟ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಯಿಸುವ ಸಮಿತಿ, ಅದರ ಪೈಪನ್ನು ನೋಡುವ ಕೆಲಸಗಾರನಿಗೆ ತಿಂಗಳ ಸಂಬಳವನ್ನು ಆಯವ್ಯಯದಲ್ಲಿ ತೋರಿಸುವುದಿಲ್ಲ. ಮುಂದಿನ ಚಾತುರ್ಮಾಸಕ್ಕೆ ಮುನ್ನ, ಮೇ ತಿಂಗಳ ಬಿಸಿಲು ಇನ್ನೂ ಇರುವಾಗಲೇ, ಪ್ರತಿಯೊಂದು ಕೋಣೆಯ ಕಿಟಕಿ ತೆರೆಯಿಸಿ, ಯಂತ್ರದ ಮುಚ್ಚಳ ಬಿಚ್ಚಿಸಿ, ನೋಡಿದವರ ಹೆಸರು ಮತ್ತು ನೋಡಿದ ದಿನಾಂಕವನ್ನು ಬಾಗಿಲ ಹಿಂದೆ ಬರೆಯಿಸಬೇಕೆಂದು ನಾನು ಸಮಿತಿಗಳ ಸದಸ್ಯರನ್ನು ಒತ್ತಾಯಿಸುತ್ತೇನೆ. ಇದಕ್ಕೆ ಹಣವಿಲ್ಲವೆನ್ನುವವರು ಕಳೆದ ವರ್ಷದ ಸುಣ್ಣ-ಬಣ್ಣದ ಖರ್ಚಿನ ಪುಟವನ್ನು ತೆಗೆದು ಸಭೆಯ ಮುಂದೆ ಓದಲಿ.